ಗೋಖಲೆಯವರು ನಡೆದ ಒಂದೂವರೆ ಮೈಲಿ

ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿಯಿಂದ ನನ್ನ ಸೋದರಮಾವ ಪುಣೆಗೆ ಬಂದಿದ್ದರು. ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದವರು. ಸ್ನಾನ, ಉಪ್ಪಿಟ್ಟು, ಚಹಾ ಆಗುತ್ತಲೇ ಅವರನ್ನು ಪರ್ವತಿ ಬೆಟ್ಟಕ್ಕೆ ಕರೆದುಕೊಂಡು ಹೋದೆ. ಪುಣೆಗೆ ಬಂದು ಪೇಶ್ವೆಯರ ಪರ್ವತಿ ನೋಡದೆ ಹೋಗುವುದುಂಟೆ ಎಂಬುದು ನನ್ನ ವಾದ. ಮರುದಿನ ಸಿಂಹಗಡ. ಮೂರನೆಯ ದಿನ ಮುಂಜಾನೆ ನಾನು ಶನಿವಾರವಾಡಾದ ಹೆಸರು ಎತ್ತುತ್ತಲೇ ಮಾವ ಎರಡೂ ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡು, "ನಿನ್ನ ಪ್ರೀತಿ ಒಂದಿಷ್ಟು ಕಡಿಮಿ ಮಾಡೋ ತಮ್ಮಾ, ನನ್ನ ಕಾಲು ತಡಕೊಳ್ಳೂದಿಲ್ಲ" ಅಂದರು. ನಗುತ್ತಲೇ ಅಂದರು. ನನಗೆ ಮಾತ್ರ ಆ ಮಾತು ಚುಚ್ಚಿತು. ಮೂರು ದಿನದಲ್ಲಿ ಒಮ್ಮೆಯೂ ನಾನು ಅವರ ಕಾಲಿನ ಬಗ್ಗೆ ಕೇಳಿರಲಿಲ್ಲ.

ಡೆಕ್ಕನ್ ಜಿಮ್ಖಾನಾದ ಕಡೆ ಹೋದಾಗಲೆಲ್ಲ ನನಗೆ ಮಾವನ ಆ ಮಾತು ನೆನಪಾಗುತ್ತದೆ. ಅಲ್ಲಿ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯ ಆವರಣವಿದೆ. 1905ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ಕಟ್ಟಿದ ಸಂಸ್ಥೆ. ಹಳೆಯ ಮರಗಳು, ಕಲ್ಲಿನ ಕಟ್ಟಡಗಳು, ಒಂದಿಷ್ಟು ಬಯಲು. ನಮ್ಮ ಕನ್ನಡದವರಿಗೂ ಗೋಖಲೆಯವರ ಹೆಸರು ಹೊಸದಲ್ಲ. ಡಿವಿಜಿಯವರು 1945ರಲ್ಲಿ ಬೆಂಗಳೂರಿನಲ್ಲಿ ಸಾರ್ವಜನಿಕ ವಿಷಯಗಳ ಅಧ್ಯಯನಕ್ಕೆಂದು ಒಂದು ಸಂಸ್ಥೆ ಕಟ್ಟಿದಾಗ ಅದಕ್ಕೆ ಇಟ್ಟದ್ದು ಇವರ ಹೆಸರನ್ನೇ. ಆದರೆ ನಾನು ಇಲ್ಲಿ ಹೇಳಹೊರಟಿರುವುದು ಶಾಸನಸಭೆಯ ಗೋಖಲೆಯವರ ಕಥೆಯಲ್ಲ. ಗೆಳೆಯರ ಮನೆಗೆ ಅತಿಥಿಯಾಗಿ ಹೋಗಿ, ಮಳೆಯಲ್ಲಿ ನೆನೆದು, ನೆಗಡಿ ಹಿಡಿಸಿಕೊಂಡ ಗೋಖಲೆಯವರ ಕಥೆ. ಆ ಅತಿಥೇಯರ ಹೆಸರು ಮೋಹನದಾಸ ಗಾಂಧಿ. ಊರು ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗ್. ವರ್ಷ 1912.

ಅದಕ್ಕೆ ಹತ್ತು ವರ್ಷ ಮೊದಲು ಇವರ ಪಾತ್ರಗಳು ಅದಲುಬದಲಾಗಿದ್ದವು. 1901ರ ಕೊನೆಯಲ್ಲಿ ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನಕ್ಕೆ ಬಂದ ಗಾಂಧಿ ಅಲ್ಲಿ ಗೋಖಲೆಯವರ ಜೊತೆಗೆ ಒಂದು ತಿಂಗಳು ಇದ್ದರು. ಗೋಖಲೆ ಅವರನ್ನು ಸ್ವಂತ ತಮ್ಮನಂತೆ ನೋಡಿಕೊಂಡರು. ಅತಿಥಿಯ ನಾಲಗೆ ಮಾತ್ರ ಸುಮ್ಮನಿರಲಿಲ್ಲ. ಟ್ರಾಮ್ ಇರುವಾಗ ಕುದುರೆಗಾಡಿ ಏಕೆ ಎಂದು ಕೇಳಿತು. ದಿನಾ ಒಂದಿಷ್ಟು ನಡೆಯಲೂ ಹೋಗದಿದ್ದರೆ ಆರೋಗ್ಯ ಹೇಗೆ ಸರಿಯಿದ್ದೀತು ಎಂದೂ ಕೇಳಿತು. ನಡೆಯಲು ಹೋಗುವಷ್ಟು ಬಿಡುವಾಗಿ ನಾನು ನಿನಗೆ ಎಂದಾದರೂ ಕಂಡಿದ್ದೇನೆಯೇ ಎಂದು ಗೋಖಲೆ ತಿರುಗಿ ಕೇಳಿದರಂತೆ. ಗಾಂಧಿ ಗೌರವದಿಂದ ಬಾಯಿ ಮುಚ್ಚಿಕೊಂಡರು, ಆದರೆ ಒಪ್ಪಲಿಲ್ಲ. ಇದನ್ನು ತಮ್ಮ ಆತ್ಮಕಥೆಯಲ್ಲಿ ಅವರೇ ಬರೆದುಕೊಂಡಿದ್ದಾರೆ.

ಹತ್ತು ವರ್ಷದ ನಂತರ ಗೋಖಲೆಯವರನ್ನು ನಡೆಸುವ ಅವಕಾಶ ಗಾಂಧಿಗೆ ಸಿಕ್ಕಿತು.

ಗೋಖಲೆ ದಕ್ಷಿಣ ಆಫ್ರಿಕಕ್ಕೆ ಹೋದದ್ದು ವಿಹಾರಕ್ಕಲ್ಲ. 1860ರಿಂದ ನೇಟಾಲಿನ ಕಬ್ಬಿನ ತೋಟಗಳಿಗೆ ಭಾರತದಿಂದ ಕರಾರಿನ ಕೂಲಿಗಳು ಹೋಗುತ್ತಿದ್ದರು. ಐದು ವರ್ಷದ ಕರಾರು. ಕರಾರು ಮುಗಿದ ಮೇಲೆ ಅಲ್ಲೇ ನಿಂತು ಸ್ವತಂತ್ರವಾಗಿ ಬದುಕಲು ಬಯಸಿದವರ ಮೇಲೆ ನೇಟಾಲ್ ಸರಕಾರ ವರ್ಷಕ್ಕೆ 3 ಪೌಂಡ್ ತಲೆಗಂದಾಯ ಹೇರಿತು. ಗಂಡಸಿಗೆ 3 ಪೌಂಡ್, ಹೆಂಗಸಿಗೆ 3 ಪೌಂಡ್, 16 ದಾಟಿದ ಮಗನಿಗೆ 3 ಪೌಂಡ್, 13 ದಾಟಿದ ಮಗಳಿಗೆ 3 ಪೌಂಡ್. ನಾಲ್ವರ ಸಂಸಾರಕ್ಕೆ ವರ್ಷಕ್ಕೆ 12 ಪೌಂಡ್. ದುಡಿಯುವವನ ಸಂಪಾದನೆಯೋ ತಿಂಗಳಿಗೆ 14 ಶಿಲಿಂಗ್ ದಾಟುತ್ತಿರಲಿಲ್ಲ ಎಂದು ಗಾಂಧಿ ಬರೆಯುತ್ತಾರೆ. ಒಂದು ಪೌಂಡಿಗೆ 20 ಶಿಲಿಂಗ್. ಅಂದರೆ ಇಡೀ ವರ್ಷ ದುಡಿದರೂ 9 ಪೌಂಡ್ ಆಗುವುದಿಲ್ಲ, ಕಂದಾಯ 12 ಪೌಂಡ್. ಇಲ್ಲಿ ಇರಬೇಡಿ, ಇಲ್ಲವೇ ಮತ್ತೆ ಕೂಲಿಗೇ ಸೇರಿ ಎನ್ನುವುದೇ ಆ ಕಂದಾಯದ ಅರ್ಥ. ದುಡಿಮೆ ಬೇಕು, ದುಡಿಯುವವನು ನೆರೆಮನೆಯಲ್ಲಿ ಇರುವುದು ಬೇಡ. ಊರು ಬಿಟ್ಟು ಊರಿಗೆ ಹೋಗಿ ಬದುಕುವ ಯಾರಿಗೂ ಈ ಮಾತು ಪೂರ್ತಿ ಅಪರಿಚಿತವಲ್ಲ.

ಗೋಖಲೆ 1910ರಲ್ಲೇ ವೈಸ್‌ರಾಯರ ಶಾಸನಸಭೆಯಲ್ಲಿ ಠರಾವು ಮಂಡಿಸಿ, ನೇಟಾಲಿಗೆ ಕೂಲಿಗಳನ್ನು ಕಳಿಸುವುದನ್ನು ನಿಲ್ಲಿಸಲು ದಾರಿ ಮಾಡಿದ್ದರು. 1911ರಲ್ಲಿ ಅದು ನಿಂತಿತು. ಆದರೆ ಈಗಾಗಲೇ ಅಲ್ಲಿ ಇದ್ದವರ ಗತಿ? ಅದನ್ನು ಕಣ್ಣಾರೆ ನೋಡಿ, ಅಲ್ಲಿನ ಮಂತ್ರಿಗಳ ಜೊತೆ ಮಾತನಾಡಲೆಂದು ಅವರು 1912ರ ಅಕ್ಟೋಬರ್ 22ರಂದು ಕೇಪ್‌ಟೌನಿನಲ್ಲಿ ಇಳಿದರು. ಆಗ ಅವರಿಗೆ 46 ವರ್ಷ. ಸಕ್ಕರೆ ಕಾಯಿಲೆ ಮೈಯನ್ನು ತಿನ್ನುತ್ತಿತ್ತು.

ಜೊಹಾನ್ಸ್‌ಬರ್ಗಿನಲ್ಲಿ ಅವರಿಗೆ ಬಿಡಾರ ಹರ್ಮನ್ ಕಾಲೆನ್‌ಬಾಖರ ಮನೆ. ಕಾಲೆನ್‌ಬಾಖ್ ಯಹೂದಿ ವಾಸ್ತುಶಿಲ್ಪಿ, ಗಾಂಧಿಯ ಆಪ್ತ ಗೆಳೆಯ. ನಗರದಿಂದ ಐದು ಮೈಲಿ ದೂರದ ಗುಡ್ಡದ ಮೇಲಿನ ಆ ಮನೆ ಗೋಖಲೆಯವರಿಗೆ ಬಹಳ ಹಿಡಿಸಿತು. ಭಾರತೀಯರು ಅವರ ಗೌರವಕ್ಕೆ ದೊಡ್ಡ ಔತಣವೊಂದನ್ನು ಏರ್ಪಡಿಸಿದರು. 400 ಮಂದಿ ಅತಿಥಿಗಳು, ಅವರಲ್ಲಿ 150ಕ್ಕೂ ಹೆಚ್ಚು ಮಂದಿ ಬಿಳಿಯರು. ಭಾರತೀಯರಿಗೆ ತಲೆಗೆ ಒಂದು ಗಿನಿಯ ಟಿಕೆಟ್, ಖರ್ಚು ಹೊರಡಬೇಕಲ್ಲ. ಅಡಿಗೆ ಪೂರ್ತಿ ಸಸ್ಯಾಹಾರ, ಮದ್ಯ ಇಲ್ಲ, ಬೇಯಿಸಿದವರು ಸ್ವಯಂಸೇವಕರು. ಇಷ್ಟೊಂದು ಭಾರತೀಯರ ಜೊತೆ ಒಂದೇ ಮೇಜಿಗೆ ಕೂತು ಉಣ್ಣುವುದು ಅಲ್ಲಿನ ಎಷ್ಟೋ ಬಿಳಿಯರಿಗೆ ಜೀವನದಲ್ಲಿ ಮೊದಲ ಸಲ.

ಆ ಔತಣಕ್ಕೆ ಮುಂಚಿನ ಒಂದು ಪ್ರಸಂಗ ನನಗೆ ಬಹಳ ಇಷ್ಟ. ಗೋಖಲೆಯವರ ಹತ್ತಿರ ಒಂದು ಉತ್ತರೀಯವಿತ್ತು. ಅವರ ಗುರು ಮಹಾದೇವ ಗೋವಿಂದ ರಾನಡೆಯವರು ಕೊಟ್ಟದ್ದು. ವಿಶೇಷ ಸಂದರ್ಭಕ್ಕೆ ಮಾತ್ರ ಹೊರಗೆ ತೆಗೆಯುವಂಥದ್ದು. ಔತಣದ ದಿನ ನೋಡಿದರೆ ಅದು ಮುದುಡಿಹೋಗಿದೆ. ಲಾಂಡ್ರಿಗೆ ಕಳಿಸಲು ಹೊತ್ತಿಲ್ಲ. ನಾನು ಇಸ್ತ್ರಿ ಮಾಡಿಕೊಡುತ್ತೇನೆ ಎಂದರು ಗಾಂಧಿ. ಗೋಖಲೆಯವರಿಗೆ ಧೈರ್ಯ ಸಾಲದು. ವಕೀಲನಾಗಿ ನಿನ್ನನ್ನು ನಂಬಬಹುದು, ಅಗಸನಾಗಿ ನಂಬುವುದು ಹೇಗೆ ಎಂಬಂಥ ಮಾತಾಡಿದರು. ಕಲೆ ಮಾಡಿಬಿಟ್ಟರೆ? ಗಾಂಧಿ ಹಟ ಹಿಡಿದು ಇಸ್ತ್ರಿ ಮಾಡಿದರು, ಗುರುವಿನಿಂದ ಪ್ರಮಾಣಪತ್ರವನ್ನೂ ಪಡೆದರು. ಇನ್ನು ಲೋಕವೆಲ್ಲ ಬೇಡವೆಂದರೂ ಚಿಂತೆಯಿಲ್ಲ ಎಂದು ಹಿಗ್ಗಿದರು.

ಪುಣೆ, ಮುಂಬಯಿಯ ನಮ್ಮವರಿಗೆ ಹತ್ತಿರವಾಗುವ ಇನ್ನೊಂದು ಸಂಗತಿ. ಜೊಹಾನ್ಸ್‌ಬರ್ಗಿನಲ್ಲಿ ಕೊಂಕಣಿ ಮುಸಲ್ಮಾನರೂ ಕೆಲವು ಮಹಾರಾಷ್ಟ್ರದವರೂ ಇದ್ದರು. ಅವರ ಸಭೆಯಲ್ಲಿ ಇಂಗ್ಲಿಷ್ ಬೇಡ, ಮರಾಠಿಯಲ್ಲೇ ಮಾತಾಡಿ, ನಾನು ಹಿಂದುಸ್ತಾನಿಗೆ ಅನುವಾದಿಸುತ್ತೇನೆ ಎಂದು ಗಾಂಧಿ ಕೇಳಿಕೊಂಡರು. ಗೋಖಲೆ ಜೋರಾಗಿ ನಕ್ಕರು. ನಿನ್ನ ಹಿಂದುಸ್ತಾನಿಯ ಆಳ ಗೊತ್ತಿದೆ, ಇನ್ನು ಮರಾಠಿಯಿಂದ ಬೇರೆ ಅನುವಾದವೋ ಎಂದು ಗೇಲಿ ಮಾಡಿದರು. ಆದರೂ ಒಪ್ಪಿದರು. ಅಲ್ಲಿಂದ ಜಾಂಜಿಬಾರ್ ತನಕ ನಮ್ಮವರು ಸೇರಿದಲ್ಲೆಲ್ಲ ಮರಾಠಿಯಲ್ಲೇ ಮಾತಾಡಿದರು. ಕಡಲಾಚೆಯ ಗಣಿಯೂರಿನಲ್ಲಿ, ಊರು ಬಿಟ್ಟು ಎಷ್ಟೋ ಕಾಲವಾದ ಮೇಲೆ, ಅಷ್ಟು ದೊಡ್ಡ ಮನುಷ್ಯ ತಮ್ಮ ಭಾಷೆಯಲ್ಲಿ ಮಾತಾಡಿದ್ದನ್ನು ಕೇಳಿದವರ ಮುಖ ಹೇಗಿದ್ದಿರಬೇಕು! ಹೊರನಾಡಿನ ಕನ್ನಡ ಸಂಘದ ಮುರುಕು ಕುರ್ಚಿಯಲ್ಲಿ ಕೂತು ಊರಿನ ಮಾತು ಕೇಳಿದವರಿಗೆ ಅದು ಗೊತ್ತು.

ಈಗ ನಡಿಗೆಯ ವಿಷಯ. ನಗರದ ಸಭೆ, ಔತಣಗಳ ದಣಿವು ಕಳೆಯಲು ಅತಿಥಿಯನ್ನು ಹಳ್ಳಿಗಾಡಿನ ಟಾಲ್‌ಸ್ಟಾಯ್ ಫಾರ್ಮಿಗೆ ಕರೆದೊಯ್ಯುವುದೆಂದು ನಿಶ್ಚಯವಾಯಿತು. ಅದು ಜೊಹಾನ್ಸ್‌ಬರ್ಗಿನಿಂದ 21 ಮೈಲಿ ದೂರದ, 1,100 ಎಕರೆಯ ತೋಟ. ಸತ್ಯಾಗ್ರಹಿಗಳು ಜೈಲಿಗೆ ಹೋದಾಗ ಅವರ ಹೆಂಡಿರು ಮಕ್ಕಳಿಗೆ ನೆಲೆ ಇರಲೆಂದು 1910ರಲ್ಲಿ ಕಾಲೆನ್‌ಬಾಖ್ ಕೊಂಡು ಬಿಟ್ಟುಕೊಟ್ಟ ಜಾಗ. ಕಿತ್ತಳೆ, ಜರದಾಳು, ಪ್ಲಮ್ ಹಣ್ಣಿನ ಮರಗಳು ಸುಮಾರು ಸಾವಿರ. ಹಿಂದೂ, ಮುಸಲ್ಮಾನ, ಪಾರ್ಸಿ, ಕ್ರೈಸ್ತ ಎಲ್ಲರಿಗೂ ಒಂದೇ ಅಡಿಗೆಮನೆ, ಒಂದೇ ಪಂಕ್ತಿ. ಉಂಡ ಪಾತ್ರೆ ಅವರವರೇ ತೊಳೆಯಬೇಕು. ಸ್ವಂತ ಕೆಲಸಕ್ಕೆ ನಗರಕ್ಕೆ ಹೋಗುವವರು ನಡೆದೇ ಹೋಗಬೇಕು, ಬುತ್ತಿ ಇಲ್ಲಿಂದಲೇ ಕಟ್ಟಿಕೊಳ್ಳಬೇಕು. ರಾತ್ರಿ ಎರಡು ಗಂಟೆಗೆ ಎದ್ದು ಹೊರಟು 21 ಮೈಲಿಯನ್ನು ಆರೇಳು ಗಂಟೆಯಲ್ಲಿ ಮುಗಿಸುತ್ತಿದ್ದರು. ಒಬ್ಬರಂತೂ 4 ಗಂಟೆ 18 ನಿಮಿಷದಲ್ಲಿ ಮುಟ್ಟಿದ್ದುಂಟು. ಗಾಂಧಿ ಒಂದೇ ದಿನ 50 ಮೈಲಿ ನಡೆದವರು.

ಇಂಥ ಕಾಲುಗಳಿಗೆ ಲಾಲಿ ಎಂಬ ಸ್ಟೇಷನ್ನಿನಿಂದ ತೋಟದವರೆಗಿನ ಒಂದೂವರೆ ಮೈಲಿ ಯಾವ ಲೆಕ್ಕ? ಗೋಖಲೆಯವರೂ ನಡೆದೇ ಬರಲಿ ಎಂದುಕೊಂಡರು. ಅವರಿಗೆ ಖುಷಿಯಾದೀತೆಂದೇ ನಂಬಿದ್ದರು. ಗಾಡಿಯ ವ್ಯವಸ್ಥೆ ಮಾಡಲಿಲ್ಲ. ಅದೇ ದಿನ ಮಳೆ ಬಂತು. ಗೋಖಲೆ ನೆನೆದರು, ಚಳಿ ಹಿಡಿಯಿತು. ಅವರನ್ನು ಕಾಲೆನ್‌ಬಾಖರ ಕೋಣೆಯಲ್ಲಿ ಮಲಗಿಸಿದರು. ಅಡಿಗೆಮನೆ ದೂರ. ಗಾಂಧಿ ತಾವೇ ಸಾರು ಮಾಡಿದರು, ಕೋತ್ವಾಲರು ರೊಟ್ಟಿ ಬಡಿದರು. ಕೋಣೆಗೆ ತಲುಪುವ ಹೊತ್ತಿಗೆ ಎರಡೂ ತಣ್ಣಗಾಗುತ್ತಿದ್ದವು. ಗೋಖಲೆ ತುಟಿ ಎರಡು ಮಾಡದೆ ಉಂಡರು.

ರಾತ್ರಿಯಾಯಿತು. ಎಲ್ಲರೂ ನೆಲದ ಮೇಲೆ ಮಲಗುವವರು. ಅತಿಥಿಗೆ ಮಾತ್ರ ಒಂದು ಮಂಚ ಹಾಕಿದ್ದರು. ಅದು ತಿಳಿಯುತ್ತಲೇ ಗೋಖಲೆ ಮಂಚ ತೆಗೆಸಿ ತಮ್ಮ ಹಾಸಿಗೆಯನ್ನೂ ನೆಲಕ್ಕೇ ಹಾಸಿಸಿದರು. ಕಾಲು ಒತ್ತುತ್ತೇವೆ ಎಂದು ಗಾಂಧಿ, ಕಾಲೆನ್‌ಬಾಖ್ ಇಬ್ಬರೂ ಅಂಗಲಾಚಿದರು. ಮೈ ಮುಟ್ಟಗೊಡಲಿಲ್ಲ. ಅರ್ಧ ನಗೆ, ಅರ್ಧ ಸಿಟ್ಟಿನಲ್ಲಿ ಬೈದರು. ಕಷ್ಟಪಡಲು ನೀವು ಮಾತ್ರ ಹುಟ್ಟಿದವರು, ನಾನು ನಿಮ್ಮಿಂದ ಮುದ್ದು ಮಾಡಿಸಿಕೊಳ್ಳಲು ಹುಟ್ಟಿದವನು ಅಂದುಕೊಂಡಿದ್ದೀರಾ ಎಂಬುದು ಆ ಬೈಗುಳದ ತಿರುಳು. ನೀವು ಬಯಲಿಗೆ ಹೋಗುವಿರಿ, ನನಗೆ ಮಾತ್ರ ಕೋಣೆಯಲ್ಲಿ ಕಮೋಡ್ ಇಡುವಿರಿ, ಎಷ್ಟು ಕಷ್ಟವಾದರೂ ಸಹಿಸುತ್ತೇನೆ, ನಿಮ್ಮ ಈ ಹಮ್ಮನ್ನು ಮಾತ್ರ ಇಳಿಸುತ್ತೇನೆ ಎಂದರು. ಆ ರಾತ್ರಿಯಿಡೀ ತಾನು ಪಶ್ಚಾತ್ತಾಪದಲ್ಲಿ ಬೆಂದೆ ಎಂದು ಗಾಂಧಿ ದಕ್ಷಿಣ ಆಫ್ರಿಕದ ಸತ್ಯಾಗ್ರಹದ ಇತಿಹಾಸದಲ್ಲಿ ಒಪ್ಪಿಕೊಂಡಿದ್ದಾರೆ.

ಎಂಥ ಸೂಕ್ಷ್ಮವಾದ ಬೈಗುಳ ನೋಡಿ. ಅತಿಥಿಗೆ ಕಷ್ಟವಾದದ್ದು ಅದರ ವಿಷಯವಲ್ಲ. ಅತಿಥೇಯ ತನ್ನ ಶಿಸ್ತನ್ನೇ ಎಲ್ಲರ ಶಿಸ್ತೆಂದು ಎಣಿಸಿದ್ದು ಒಂದು ತಪ್ಪು. ಆಮೇಲೆ ಅಪರಾಧ ತಿದ್ದಿಕೊಳ್ಳಲು ಹೋಗಿ ಅತಿಥಿಯನ್ನು ಪಂಕ್ತಿಯಿಂದ ಹೊರಗೆ, ಎತ್ತರದಲ್ಲಿ ಕೂರಿಸಿದ್ದು ಇನ್ನೊಂದು ತಪ್ಪು. ಎರಡರಲ್ಲೂ ಇದ್ದದ್ದು ಪ್ರೀತಿಯೇ. ಆದರೆ ಎರಡರಲ್ಲೂ ಎದುರಿಗಿರುವ ಮನುಷ್ಯನನ್ನು, ನಿಮಗೇನು ಬೇಕು ಎಂದು ಯಾರೂ ಕೇಳಿರಲಿಲ್ಲ.

ಗೋಖಲೆ ತೋಟದಿಂದ ನೇಟಾಲಿಗೆ ಹೋಗಿ, ನವೆಂಬರ್ 14ರಂದು ಪ್ರಿಟೋರಿಯದಲ್ಲಿ ಬೋಥಾ, ಸ್ಮಟ್ಸ್ ಮೊದಲಾದ ಮಂತ್ರಿಗಳನ್ನು ಕಂಡರು. ಆ ಭೇಟಿಗೆ ಅವರು ಪರೀಕ್ಷೆಗೆ ಓದುವ ಹುಡುಗನಂತೆ ತಯಾರಾಗಿದ್ದರು. ಗಾಂಧಿ 18 ವರ್ಷದ ಇತಿಹಾಸವನ್ನು ಬರೆದುಕೊಟ್ಟರೆ, ಅದನ್ನು ರಾತ್ರಿ ಕೂತು ಅರೆದು ಕುಡಿದರು. ಬೇಕೆಂದೇ ಗಾಂಧಿ ಜೊತೆಗೆ ಹೋಗಲಿಲ್ಲ. ಸುಮಾರು ಎರಡು ಗಂಟೆಯ ಮಾತುಕತೆ ಮುಗಿಸಿ ಬಂದ ಗೋಖಲೆ, ಎಲ್ಲ ಇತ್ಯರ್ಥವಾಯಿತು, 3 ಪೌಂಡ್ ಕಂದಾಯ ಹೋಗುತ್ತದೆ, ನೀನು ಒಂದು ವರ್ಷದಲ್ಲಿ ಭಾರತಕ್ಕೆ ಬಂದುಬಿಡಬೇಕು ಎಂದರು. ಗಾಂಧಿಗೆ ಅಷ್ಟು ನಂಬಿಕೆಯಿರಲಿಲ್ಲ. ಈ ಮಂತ್ರಿಗಳನ್ನು ನಾನು ಬಲ್ಲೆ ಎಂದರು. ಆಗದೆ ಹೋಗುವುದಿಲ್ಲ ಎಂದರು ಗೋಖಲೆ.

ಗಾಂಧಿ, ಕಾಲೆನ್‌ಬಾಖ್ ಇಬ್ಬರೂ ಗೋಖಲೆಯವರನ್ನು ಬೀಳ್ಕೊಡಲು ಹಡಗಿನಲ್ಲಿ ಜಾಂಜಿಬಾರ್ ತನಕ ಹೋದರು. ನಮ್ಮ ಕಡೆ ನೆಂಟರನ್ನು ಊರ ಗಡಿ ದಾಟಿಸಿ ಬರುವ ಪದ್ಧತಿಯಿದೆ, ಇದು ಸಮುದ್ರ ದಾಟಿಸುವ ಬೀಳ್ಕೊಡುಗೆ. ಹಡಗಿನಲ್ಲಿ ಗೋಖಲೆ ಭಾರತದ ಒಬ್ಬೊಬ್ಬ ಮುಖಂಡರ ಗುಣಾವಗುಣಗಳನ್ನು ಬಿಡಿಸಿ ಹೇಳಿದರು. ಊರಿಗೆ ಮರಳುವವನನ್ನು ಊರಿಗಾಗಿ ತಯಾರು ಮಾಡಿದರು.

1913ರಲ್ಲಿ ಸ್ಮಟ್ಸ್ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು, ನೇಟಾಲಿನ ಬಿಳಿಯರು ಒಪ್ಪುತ್ತಿಲ್ಲ, ಕಂದಾಯ ತೆಗೆಯಲಾಗದು ಎಂದರು. ಕೊಟ್ಟ ಭರವಸೆಯನ್ನೇ ಸರಕಾರ ಅಲ್ಲಗಳೆಯಿತು. ಮಾತು ಮಾತಿನಲ್ಲೇ ಉಳಿದಿತ್ತು, ಕಾಗದದ ಮೇಲೆ ಇರಲಿಲ್ಲ. ಅಲ್ಲಿಯವರೆಗೆ ಸತ್ಯಾಗ್ರಹದ ಬೇಡಿಕೆಗಳಲ್ಲಿ ಈ ಕಂದಾಯ ಸೇರಿರಲಿಲ್ಲ. ಒಮ್ಮೆ ಹಿಡಿದ ಬೇಡಿಕೆಗಳಿಗೆ ನಡುವೆ ಹೊಸದನ್ನು ಸೇರಿಸಬಾರದೆಂಬುದು ಗಾಂಧಿಯ ನಿಯಮ. ಆದರೆ ನಮ್ಮ ಮನೆಗೆ ಬಂದ ಅತಿಥಿಗೆ ಕೊಟ್ಟ ಮಾತು ಮುರಿದರೆ ಆ ಅವಮಾನ ನಮ್ಮದು, ನಮ್ಮ ದೇಶದ್ದು ಎಂದು ಅವರು ಕಂದಾಯವನ್ನು ಹೋರಾಟಕ್ಕೆ ಸೇರಿಸಿಕೊಂಡರು. ಅದರಿಂದ ಆದ ದೊಡ್ಡ ಬದಲಾವಣೆಯೆಂದರೆ, ಅದುವರೆಗೆ ಹೆಚ್ಚಾಗಿ ವರ್ತಕರ, ವಿದ್ಯಾವಂತರ ಕೈಯಲ್ಲಿದ್ದ ಹೋರಾಟಕ್ಕೆ ಕರಾರಿನ ಕೂಲಿಗಳು ಬಂದರು. ಟಾಲ್‌ಸ್ಟಾಯ್ ಫಾರ್ಮಿನಲ್ಲಿದ್ದ ಹೆಂಗಸರು, ಹೆಚ್ಚಿನವರು ತಮಿಳರು, ನ್ಯೂಕ್ಯಾಸಲ್ಲಿನ ಕಲ್ಲಿದ್ದಲ ಗಣಿಗಳಿಗೆ ಹೋಗಿ ಕೆಲಸ ನಿಲ್ಲಿಸಿ ಎಂದು ಕರೆಕೊಟ್ಟರು. ಗಣಿಗಳು ನಿಂತವು.

ನವೆಂಬರ್ 6ರಂದು ಚಾರ್ಲ್ಸ್‌ಟೌನಿನಿಂದ 2,037 ಗಂಡಸರು, 127 ಹೆಂಗಸರು, 57 ಮಕ್ಕಳು ಟ್ರಾನ್ಸ್‌ವಾಲಿನ ಗಡಿಯ ಕಡೆ ನಡೆದರು. ಒಬ್ಬೊಬ್ಬರಿಗೆ ದಿನಕ್ಕೆ ಒಂದೂವರೆ ಪೌಂಡ್ ರೊಟ್ಟಿ, ಒಂದು ಔನ್ಸ್ ಸಕ್ಕರೆ. ದಾರಿಯಲ್ಲಿ ಒಂದು ಕೂಸು ಚಳಿಗೆ ಸತ್ತಿತು. ಇನ್ನೊಂದು ತಾಯಿ ಹಳ್ಳ ದಾಟುವಾಗ ಕೈಜಾರಿ ನೀರುಪಾಲಾಯಿತು. ತಾಯಂದಿರು ನಡೆಯುತ್ತಲೇ ಇದ್ದರು. ದಿನಕ್ಕೆ 20ರಿಂದ 24 ಮೈಲಿಯಂತೆ ಎಂಟು ದಿನ ನಡೆಯಬೇಕೆಂಬುದು ಲೆಕ್ಕ. ಗುರಿ ಯಾವುದು ಗೊತ್ತೆ? ಅದೇ ಟಾಲ್‌ಸ್ಟಾಯ್ ಫಾರ್ಮ್. ಒಂದು ವರ್ಷದ ಹಿಂದೆ ಗೋಖಲೆ ಮಳೆಯಲ್ಲಿ ನಡೆದು ತಲುಪಿದ ಜಾಗ. ಇವರು ತಲುಪಲಿಲ್ಲ. ಗಾಂಧಿಯನ್ನು ದಾರಿಯಲ್ಲಿ ಮೂರು ಸಲ ಬಂಧಿಸಿದರು. ಬಾಲ್ಫರ್ ಎಂಬಲ್ಲಿ ನಡಿಗೆಯವರನ್ನೆಲ್ಲ ರೈಲಿಗೆ ತುಂಬಿ ವಾಪಸು ಕಳಿಸಿ, ಗಣಿಗಳ ಆವರಣವನ್ನೇ ಜೈಲು ಮಾಡಿದರು.

ಇಲ್ಲಿ ಒಂದು ಮಾತು ಬಿಡಬಾರದು. ಅದೇ 1913ರಲ್ಲಿ ಆ ದೇಶ ಇನ್ನೊಂದು ಕಾಯಿದೆ ಮಾಡಿ, ಅಲ್ಲಿಯ ಮೂಲ ಆಫ್ರಿಕನ್ ಜನ ಭೂಮಿ ಹೊಂದಬಹುದಾದ ಪ್ರದೇಶವನ್ನು ಒಟ್ಟು ನೆಲದ ಸುಮಾರು ಶೇಕಡಾ 7ಕ್ಕೆ ಇಳಿಸಿತು. ಜೊಹಾನ್ಸ್‌ಬರ್ಗಿನ ಔತಣದಲ್ಲಾಗಲಿ, ಪ್ರಿಟೋರಿಯದ ಮಾತುಕತೆಯಲ್ಲಾಗಲಿ ಅವರ ಅಹವಾಲು ಇರಲಿಲ್ಲ. ಎಷ್ಟು ಉದ್ದದ ಪಂಕ್ತಿಯಾದರೂ ಅದರ ಹೊರಗೆ ಯಾರೋ ನಿಂತಿರುತ್ತಾರೆ.

ಭಾರತದಲ್ಲಿ ಗೋಖಲೆ ಕಾಯಿಲೆಯನ್ನು ಲೆಕ್ಕಿಸದೆ ಹೋರಾಟಕ್ಕೆ ಹಣ ಕೂಡಿಸಿದರು. ಆಂಡ್ರೂಸ್, ಪಿಯರ್ಸನ್ ಇಬ್ಬರನ್ನು ದಕ್ಷಿಣ ಆಫ್ರಿಕಕ್ಕೆ ಕಳಿಸಿದರು. ತಾನು ಕೊಡಿಸಿದ ಮಾತಿನ ಹೊಣೆಯನ್ನು ಅವರೂ ಕೆಳಗೆ ಇಳಿಸಲಿಲ್ಲ. 1914ರಲ್ಲಿ ಕಂದಾಯ ರದ್ದಾಯಿತು. ಜುಲೈಯಲ್ಲಿ ಗಾಂಧಿ ದಕ್ಷಿಣ ಆಫ್ರಿಕ ಬಿಟ್ಟರು. 1915ರ ಜನವರಿ 9ರಂದು ಮುಂಬಯಿಯಲ್ಲಿ ಇಳಿದರು.

ಅವರು ಪುಣೆಗೆ ಬಂದರು. ಅತಿಥಿ, ಅತಿಥೇಯರ ಪಾತ್ರ ಮತ್ತೆ ಬದಲಾಯಿತು. ಸೊಸೈಟಿಯ ಅತಿಥಿಗೃಹದ ಮುಂದಿನ ಬಯಲಿನಲ್ಲಿ ಗೋಖಲೆ ಕೆಲವು ಗೆಳೆಯರನ್ನು ಕರೆದು ಒಂದು ಸಂಜೆಯ ಕೂಟ ಏರ್ಪಡಿಸಿದರು. ತಿನ್ನಲು ಗಾಂಧಿಗೆ ಇಷ್ಟವಾದವೇ: ಶೇಂಗಾ, ಖರ್ಜೂರ, ತಾಜಾ ಹಣ್ಣು. ಗೋಖಲೆಯವರ ಕೋಣೆಯಿಂದ ಆ ಜಾಗಕ್ಕೆ ಕೆಲವೇ ಹೆಜ್ಜೆ. ಅಷ್ಟೂ ನಡೆಯುವ ಸ್ಥಿತಿಯಲ್ಲಿ ಅವರಿರಲಿಲ್ಲ. ಆದರೂ ಹಟ ಮಾಡಿ ಬಂದರು. ಬಂದವರು ಅಲ್ಲೇ ಮೂರ್ಛೆ ಹೋದರು. ಎತ್ತಿಕೊಂಡು ಒಳಗೆ ಒಯ್ಯಬೇಕಾಯಿತು. ಎಚ್ಚರವಾದ ಮೇಲೆ ಅವರು ಹೇಳಿಕಳಿಸಿದ್ದು ಇಷ್ಟೇ: ನನಗಾಗಿ ನಿಲ್ಲಿಸಬೇಡಿ, ಕೂಟ ನಡೆಯಲಿ.

ಆ ಕೂಟವನ್ನು ಅಂದು ಯಾರೂ ಬೀಳ್ಕೊಡುಗೆ ಎಂದು ಕರೆಯಲಿಲ್ಲ. ಕೆಲವೇ ವಾರಗಳಲ್ಲಿ, ಫೆಬ್ರವರಿ 19ರಂದು ಗೋಖಲೆ ತೀರಿಕೊಂಡರು. ಆಗ ಅವರಿಗಿನ್ನೂ 49 ತುಂಬಿರಲಿಲ್ಲ. ಗಾಂಧಿಗೆ ಸುದ್ದಿ ಮುಟ್ಟಿದ್ದು ಶಾಂತಿನಿಕೇತನದಲ್ಲಿ. ಆ ದುಃಖದಲ್ಲಿ ಅವರು ಬರಿಗಾಲಲ್ಲಿ ನಡೆಯುವ ವ್ರತ ತೊಟ್ಟರು.

ಇತಿಹಾಸದಲ್ಲಿ 2,037 ಮಂದಿಯ ನಡಿಗೆಗೆ ಅಧ್ಯಾಯಗಳಿವೆ. ಲಾಲಿ ಸ್ಟೇಷನ್ನಿನ ಒಂದೂವರೆ ಮೈಲಿಗೂ ಪುಣೆಯ ಆ ಕೆಲವು ಹೆಜ್ಜೆಗೂ ಒಂದೆರಡು ಪ್ಯಾರಾ. ನನಗೆ ಮೂರೂ ಒಂದೇ ದಾರಿಯ ತುಂಡುಗಳಂತೆ ಕಾಣುತ್ತವೆ. ಮೊದಲನೆಯದು ಅತಿಥೇಯರು ಅತಿಥಿಯ ಮೇಲೆ ಹೊರಿಸಿದ್ದು. ಎರಡನೆಯದು ಅತಿಥಿಗೆ ಕೊಟ್ಟ ಮಾತಿಗಾಗಿ, ಅವರನ್ನು ಹತ್ತಿರದಿಂದ ನೋಡಿಯೂ ಇರದ ಜನ ಹೊತ್ತದ್ದು. ಮೂರನೆಯದನ್ನು ಯಾರೂ ಹೊರಿಸಲಿಲ್ಲ. ಗೋಖಲೆ ತಾವಾಗಿಯೇ ನಡೆದರು. ಗಾಂಧಿಗೆ ಶೇಂಗಾ ಇಷ್ಟವೆಂದು ನೆನಪಿಟ್ಟು, ತನಗಾಗಿ ಕೂಟ ನಿಲ್ಲಬಾರದೆಂದು ಹೇಳಿಕಳಿಸಿ.

ಮಾವ ಕಳೆದ ದೀಪಾವಳಿಗೆ ಮತ್ತೆ ಬಂದಿದ್ದರು. ಈ ಸಲ ಎಲ್ಲಿಗೆ ಹೋಗೋಣ ಎಂದು ಅವರನ್ನೇ ಕೇಳಿದೆ. "ಎಲ್ಲೂ ಬ್ಯಾಡ. ಇಲ್ಲೇ ಕಟ್ಟಿ ಮ್ಯಾಲೆ ಕೂಡೂಣು" ಅಂದರು. ಕೂತೆವು. ನಡುವೆ ಒಂದು ತಟ್ಟೆಯಲ್ಲಿ ಹುರಿದ ಶೇಂಗಾ ಇತ್ತು.